ಮೂರು ತಿಂಗಳ ಶುಗರ್ ಟೆಸ್ಟ್ ಮನೆಯಲ್ಲೇ: ಕಿಟ್ ಕೊಳ್ಳುವ ಮುಂಚೆ, ಬೆರಳು ಚುಚ್ಚುವಾಗ, ಅಂಕಿ ಬಂದ ಮೇಲೆ

ಕೋಲಾರದ ಮೆಡಿಕಲ್ ಸ್ಟೋರುಗಳಲ್ಲಿ ಗ್ಲುಕೋಮೀಟರ್ ಸ್ಟ್ರಿಪ್ ಈಗ ಮಾಮೂಲಿ ಸರಕು. ಕೇಳುವವರ ಪ್ರಶ್ನೆಯೂ ಒಂದು ಹೆಜ್ಜೆ ಮುಂದೆ ಹೋಗಿದೆ: "ಮೂರು ತಿಂಗಳ ಶುಗರ್ ತೋರಿಸೋ ಕಿಟ್ ಮನೆಗೇ ಸಿಗುತ್ತಂತಲ್ಲ?" ಸಿಗುತ್ತದೆ. ಆದರೆ ಎಲ್ಲರಿಗೂ ಬೇಕಿಲ್ಲ, ಕೆಲವರಿಗೆ ಅದು ತಪ್ಪು ಅಂಕಿ ಕೊಡುತ್ತದೆ, ಬೇಕಾದವರೂ ಅದನ್ನು ಒಮ್ಮೆ ಲ್ಯಾಬಿನ ಜೊತೆ ತಾಳೆ ನೋಡದೆ ನಂಬಬಾರದು. ಈ ಮೂರು ಮಾತನ್ನು ಬಿಡಿಸಿ ಹೇಳುವುದೇ ಈ ಲೇಖನದ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಂದಮೇಲೆ ಇದು ಯಾವುದೋ ಒಂದೆರಡು ಮನೆಯ ವಿಷಯವಲ್ಲ.

ಅದು ಅಳೆಯುವುದು ಏನನ್ನು

ಡೇರಿಗೆ ಹಾಲು ಹಾಕುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ದಿನಾ ಬೆಳಿಗ್ಗೆ ಹಾಲಿನ ಫ್ಯಾಟು ನೋಡುತ್ತಾರೆ, ಅದು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಕೈಗೆ ಬಂದಿದ್ದೆಷ್ಟು ಅನ್ನುವುದು ಮಾತ್ರ ಬಟವಾಡೆಯ ದಿನ ಗೊತ್ತಾಗುತ್ತದೆ. ಗ್ಲುಕೋಮೀಟರ್ ತೋರಿಸುವುದು ಆ ಬೆಳಗಿನ ಅಂಕಿಯನ್ನು, ಮೂರು ತಿಂಗಳ ಟೆಸ್ಟ್ ತೋರಿಸುವುದು ಬಟವಾಡೆಯನ್ನು.

ರಕ್ತದ ಕೆಂಪು ಕಣದಲ್ಲಿರುವ ಹಿಮೋಗ್ಲೋಬಿನ್ನಿಗೆ ಸಕ್ಕರೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದ್ದು ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ನೂರು ಪಾಲು ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆ ಅನ್ನುವುದೇ ಎಚ್‌ಬಿಎ1ಸಿ. ಲ್ಯಾಬಿನವರು ಬಾಯಲ್ಲಿ ಬರೀ "ಎ1ಸಿ" ಅನ್ನುತ್ತಾರೆ. ಹೆಸರಿಗೆ ಮೂರು ತಿಂಗಳಾದರೂ ಮೂರು ತಿಂಗಳಿಗೂ ಸಮಪಾಲು ಇಲ್ಲ. ಟೆಸ್ಟಿಗೆ ಹಿಂದಿನ ಒಂದು ತಿಂಗಳಿನದೇ ಹೆಚ್ಚುಕಡಿಮೆ ಅರ್ಧ ಪಾಲು. ಟೆಸ್ಟಿನ ಹಿಂದಿನ ವಾರ ಮಾತ್ರ ಪಥ್ಯ ಮಾಡಿ ಡಾಕ್ಟರ ಮುಂದೆ ಒಳ್ಳೆಯವರಾಗಲು ಇದರಲ್ಲಿ ಅವಕಾಶ ಕಡಿಮೆ. ಖಾಲಿ ಹೊಟ್ಟೆಯಲ್ಲೇ ಇರಬೇಕೆಂದೂ ಇಲ್ಲ, ಮುದ್ದೆ ಉಂಡು ಕೂತರೂ ಅಂಕಿ ಬದಲಾಗದು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮನೆಯಲ್ಲಿರುವ ಮಾಮೂಲಿ ಗ್ಲುಕೋಮೀಟರಿಗೆ ಬೇರೆ ಸ್ಟ್ರಿಪ್ ಹಾಕಿದರೆ ಎ1ಸಿ ಬರುವುದಿಲ್ಲ. ಕೆಲವು ಮೊಬೈಲ್ ಆಪ್‌ಗಳು ಗ್ಲುಕೋಮೀಟರಿನ ಅಂಕಿಗಳನ್ನು ಕೂಡಿಸಿ ಭಾಗಿಸಿ "ಅಂದಾಜು ಎ1ಸಿ" ಎಂದು ತೋರಿಸುತ್ತವೆ. ನಮ್ಮ ಕಡೆ ಬಹುಪಾಲು ಜನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಚುಚ್ಚಿಕೊಳ್ಳುತ್ತಾರೆ. ಊಟದ ನಂತರ ಏರುವ ಶುಗರ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆಪ್ 6.3 ಅಂದು, ಲ್ಯಾಬು 8 ಅಂದರೆ ಲ್ಯಾಬನ್ನು ಬೈಯಬೇಡಿ.

ನಿಮಗೆ ಬೇಕೇ, ಬೇಡವೇ

ನೇರವಾಗಿ ಹೇಳುತ್ತೇನೆ. ನೀವು ಕೋಲಾರ ಪಟ್ಟಣದಲ್ಲೋ ಬಂಗಾರಪೇಟೆಯಲ್ಲೋ ಇದ್ದು, ನಡೆದು ಹೋಗುವಷ್ಟು ದೂರದಲ್ಲಿ ಒಳ್ಳೆಯ ಲ್ಯಾಬ್ ಇದ್ದರೆ ಕಿಟ್ ಕೊಳ್ಳುವ ಅಗತ್ಯವಿಲ್ಲ. ಲ್ಯಾಬಿನಲ್ಲಿ ಕೆಲವು ನೂರು ರೂಪಾಯಿಗೆ ಆಗುವ ಪರೀಕ್ಷೆ ಇದು. ವರ್ಷಕ್ಕೆ ಬೇಕಾಗುವುದು ಎರಡರಿಂದ ನಾಲ್ಕು ಸಲ. ಟಮಕದ ಜಾಲಪ್ಪ ಆಸ್ಪತ್ರೆಗೋ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ ಹೇಗೂ ಓಡಾಡುವವರು ಅಲ್ಲಿಯ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಕಿಟ್ ಕೆಲಸಕ್ಕೆ ಬರುವುದು ಬೇರೆ ಥರದ ಮನೆಗಳಿಗೆ. ರಾಯಲ್ಪಾಡು ಕಡೆಯ ಹಳ್ಳಿಯಿಂದ ಶ್ರೀನಿವಾಸಪುರಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಮಂಚ ಹಿಡಿದ ಅಜ್ಜನನ್ನು ಆಟೋದಲ್ಲಿ ಕೂರಿಸಿ ಕರೆತರುವುದಂತೂ ಇನ್ನೂ ಕಷ್ಟ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಊರಿಗೆ ಬರುವ ಮನೆ, ಭಾನುವಾರ ಲ್ಯಾಬಿಗೆ ಬೀಗ. ಇಂಥವರಿಗೆ ಕಿಟ್ ಉಪಯೋಗದ ವಸ್ತುವೇ.

ಮನೆಯಲ್ಲೇ ಎ1ಸಿ ನೋಡಿಸಿಕೊಳ್ಳಲು ಮೂರು ದಾರಿಗಳಿವೆ. ಒಂದು, ಬೆರಳಿನ ರಕ್ತದ ಹನಿ ಹಾಕಿದರೆ ಕೆಲವೇ ನಿಮಿಷದಲ್ಲಿ ಅಂಕಿ ತೋರಿಸುವ ಪುಟ್ಟ ಮೀಟರ್. ಎರಡು, ಕಾಗದದ ಕಾರ್ಡಿನ ಮೇಲೆ ರಕ್ತದ ಹನಿ ಒಣಗಿಸಿ ಲ್ಯಾಬಿಗೆ ಕಳಿಸುವ ಕಿಟ್. ಮೂರು, ಲ್ಯಾಬಿನ ಹುಡುಗನೇ ಮನೆಗೆ ಬಂದು ತೋಳಿನಿಂದ ರಕ್ತ ತೆಗೆದುಕೊಂಡು ಹೋಗುವುದು. ಪಟ್ಟಣದೊಳಗಾದರೆ ಮೂರನೆಯದೇ ಉತ್ತಮ. ಅವರು ತರುವ ಕೊಳವೆಯ ಮುಚ್ಚಳ ನೇರಳೆ ಬಣ್ಣದ್ದಿರುತ್ತದೆ, ಬೂದು ಮುಚ್ಚಳದ್ದು ಮಾಮೂಲಿ ಶುಗರಿಗೆ. ಬೂದು ಕೊಳವೆಯೊಂದನ್ನೇ ತಂದಿದ್ದರೆ "ಎ1ಸಿಗೂ ಇದೇನಾಪ್ಪ?" ಅಂತ ಒಂದು ಮಾತು ಕೇಳಿ. ಎರಡನೆಯ ದಾರಿ ವಿದೇಶಗಳಲ್ಲಿ ಹೆಚ್ಚು. ನಮ್ಮ ಬೇಸಿಗೆಯಲ್ಲಿ ಕೊರಿಯರ್ ಚೀಲದೊಳಗೆ ದಿನಗಟ್ಟಲೆ ಬೇಯುವ ಕಾರ್ಡನ್ನು ನಾನಂತೂ ನೆಚ್ಚಿಕೊಳ್ಳುವುದಿಲ್ಲ. ಹಾಗಾಗಿ ಮುಂದೆ ಹೇಳುವುದೆಲ್ಲ ಮೊದಲನೆಯದರ ಬಗ್ಗೆ.

ಮೊದಲು ರಕ್ತಹೀನತೆ ಇದೆಯೇ ನೋಡಿ

ಕಿಟ್ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು. ಬಹಳ ಜನ ಬಿಡುವುದೂ ಇದನ್ನೇ.

ಎ1ಸಿ ಅಂಕಿ ನಿಂತಿರುವುದು ಕೆಂಪು ಕಣದ ಆಯಸ್ಸಿನ ಮೇಲೆ. ಕಣಗಳು ಹೆಚ್ಚು ದಿನ ಬದುಕಿದರೆ ಸಕ್ಕರೆ ಹೆಚ್ಚು ಅಂಟುತ್ತದೆ, ಬೇಗ ಸತ್ತರೆ ಕಡಿಮೆ ಅಂಟುತ್ತದೆ. ಶುಗರ್ ಅದೇ ಇದ್ದರೂ ಅಂಕಿ ಬೇರೆ ಬರುತ್ತದೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದವರಲ್ಲಿ ಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಂಥ ಹೆಂಗಸೊಬ್ಬರು ಪಿಎಚ್‌ಸಿಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ನುಂಗಲು ಶುರು ಮಾಡಿದ ಮೇಲೆ, ಊಟದಲ್ಲಿ ಏನೂ ಬದಲಾಗದಿದ್ದರೂ, ಅಂಕಿ ಇಳಿಯಬಹುದು. "ನೋಡಿ, ಶುಗರ್ ಹತೋಟಿಗೆ ಬಂತು" ಎಂದು ಹಿಗ್ಗಿ ಶುಗರ್ ಮಾತ್ರೆ ಕಡಿಮೆ ಮಾಡಿಕೊಂಡರೆ ಕೆಟ್ಟಿತು.

ಇದು ಅಪರೂಪದ ತೊಂದರೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ಮನೆಯ ಹೆಂಗಸರಿಗೆ ಎ1ಸಿ ನೋಡುವುದಿದ್ದರೆ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ.

ಇನ್ನು ಕೆಲವರು ಈ ಕಿಟ್ಟಿನ ಗೊಡವೆಗೇ ಹೋಗಬಾರದು. ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಅಥವಾ ಆಪರೇಷನ್ನೋ ಹೆರಿಗೆಯೋ ಆಗಿ ತುಂಬಾ ರಕ್ತ ಹೋದವರಲ್ಲಿ ಕಣಗಳೇ ಹೊಸವು, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ ರಕ್ತ ಹೆಚ್ಚಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ಹಾಗೇ. ಬಸುರಿಯರಿಗೆ ಎ1ಸಿ ಸಾಲದು. ಅವರಿಗೆ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆಯೂ ದಿನದ ಗ್ಲುಕೋಮೀಟರ್ ಅಂಕಿಗಳೂ ಬೇಕು. ಥಲಸ್ಸೀಮಿಯಾ, ಸಿಕಲ್ ಸೆಲ್ ಥರದ, ಹಿಮೋಗ್ಲೋಬಿನ್ನಿನ ಹುಟ್ಟು ತೊಂದರೆ ಇರುವ ಮನೆತನದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಇವರಿಗೆಲ್ಲ ಡಾಕ್ಟರು ಫ್ರಕ್ಟೋಸಮೈನ್ ಅನ್ನುವ ಬೇರೆ ಪರೀಕ್ಷೆ ಬರೆಯಬಹುದು. ಅದು ಕೆಂಪು ಕಣವನ್ನು ನೆಚ್ಚುವುದಿಲ್ಲ, ಹಿಂದಿನ ಎರಡು ಮೂರು ವಾರದ ಲೆಕ್ಕ ಕೊಡುತ್ತದೆ.

ಶುಗರ್ ಇದೆಯೋ ಇಲ್ಲವೋ ಎಂದು ಮೊದಲ ಸಲ ಪತ್ತೆ ಮಾಡಲಂತೂ ಮನೆಯ ಕಿಟ್ ಬೇಡ. ಅದು ಈಗಾಗಲೇ ಕಾಯಿಲೆ ಇರುವವರು ಹದ ನೋಡಿಕೊಳ್ಳಲು ಇರುವಂಥದ್ದು. ಮೊದಲ ಪತ್ತೆಗೆ ಲ್ಯಾಬೇ ಆಗಬೇಕು. ಮೂವತ್ತು ದಾಟಿದವರ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ರಾಜ್ಯದ "ಗೃಹ ಆರೋಗ್ಯ" ಯೋಜನೆ 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ಹಾಗೆ ಬಂದವರು ಬೆರಳು ಚುಚ್ಚಿ ನೋಡುವುದು ಆ ಹೊತ್ತಿನ ಶುಗರ್. ಹೆಚ್ಚಿದ್ದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ, ಆಶಾ ಅಕ್ಕ ಕರೆದಾಗ ತಪ್ಪಿಸಿಕೊಳ್ಳಬೇಡಿ.

ಕೊಳ್ಳುವಾಗ, ಇಡುವಾಗ

ಪೆಟ್ಟಿಗೆಯಲ್ಲಿ ಎಷ್ಟು ಪರೀಕ್ಷೆ ಇದೆ ಅನ್ನುವುದನ್ನು ಮೊದಲು ನೋಡಿ. 10 ಅಥವಾ 20 ಪರೀಕ್ಷೆಗಳ ಪೆಟ್ಟಿಗೆ ಕ್ಲಿನಿಕ್ಕುಗಳಿಗೆಂದು ಮಾಡಿದ್ದು. ಒಬ್ಬರೇ ಬಳಸುವುದಾದರೆ ಅರ್ಧ ಮುಗಿಯುವಷ್ಟರಲ್ಲಿ ಅವಧಿ ಮೀರಿರುತ್ತದೆ. ಮನೆಯಲ್ಲಿ ಅಪ್ಪ, ಅಮ್ಮ, ದೊಡ್ಡಪ್ಪ ಎಲ್ಲರಿಗೂ ಶುಗರ್ ಇದ್ದರೆ ಲೆಕ್ಕ ಬೇರೆ. ಒಂದು ಪರೀಕ್ಷೆಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಿ, ಲ್ಯಾಬಿನ ದರದ ಜೊತೆ ಬಸ್ ಚಾರ್ಜು ಸೇರಿಸಿ ಹೋಲಿಸಿ. ಕೆಲವು ಕಿಟ್ಟುಗಳಲ್ಲಿ ಮೀಟರ್ ತನ್ನ ಪೆಟ್ಟಿಗೆಯ ಪರೀಕ್ಷೆಗಳಿಗೆ ಮಾತ್ರ ಓಡುತ್ತದೆ, ಅವು ಮುಗಿದರೆ ಅದೂ ಮುಗಿಯಿತು.

ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರಲೇಬೇಕು. ಎನ್‌ಜಿಎಸ್‌ಪಿ ಎಂಬ ಹೆಸರು ಇದ್ದರೆ ಒಳ್ಳೆಯದು. ಎ1ಸಿ ಅಳತೆಯನ್ನು ಎಲ್ಲ ಕಡೆ ಒಂದೇ ಹದಕ್ಕೆ ತರಲು ಅಮೆರಿಕದಲ್ಲಿ ಶುರುವಾದ ವ್ಯವಸ್ಥೆ ಅದು. ಬರೀ "ಶುಗರ್ ಮಾನಿಟರಿಂಗ್ ಕಿಟ್" ಎಂದು ಬರೆದು ದರ ತೀರಾ ಕಡಿಮೆ ಇದ್ದರೆ ಅದು ಗ್ಲುಕೋಮೀಟರೇ ಇರುತ್ತದೆ.

ಶಾಖದ ಮಾತಿಗೆ ಬಂದರೆ, ಇಂಥ ಕಿಟ್ಟುಗಳನ್ನು ಸಾಮಾನ್ಯವಾಗಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಲು ಹೇಳಿರುತ್ತಾರೆ. ಹೊರಗಿಟ್ಟರೆ ಕೆಲವೇ ತಿಂಗಳು ತಡೆಯುತ್ತವೆ. ಬಳಸುವಾಗ ಕೋಣೆಯ ಶಾಖ 18ರಿಂದ 28 ಡಿಗ್ರಿಯೊಳಗೆ ಇರಬೇಕೆಂದು ಬರೆದಿರುವುದುಂಟು. ಏಪ್ರಿಲ್ ಮಧ್ಯಾಹ್ನ ಮುಳಬಾಗಿಲಿನ ಶೀಟು ಮನೆಯೊಳಗೆ 28 ಡಿಗ್ರಿ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮಾಡಿ ಮುಗಿಸಿ. ಆನ್‌ಲೈನಿನಲ್ಲಿ ತರಿಸುವುದಿದ್ದರೆ ಮಾರ್ಚಿನಿಂದ ಮೇವರೆಗೆ ತರಿಸಬೇಡಿ, ಕೊರಿಯರ್ ಆಫೀಸಿನಲ್ಲಿ ಎಷ್ಟು ಹೊತ್ತು ಬಿಸಿಲಲ್ಲಿತ್ತೋ ತಿಳಿಯದು. ಫ್ರಿಜ್ಜಿನ ಬಾಗಿಲಿನಲ್ಲೂ ಇಡಬೇಡಿ, ಫ್ರೀಜರಿನಲ್ಲಂತೂ ಬೇಡವೇ ಬೇಡ. ನಡುವಿನ ತಟ್ಟೆಯ ಮೇಲೆ, ಒಂದು ಡಬ್ಬಿಯಲ್ಲಿ.

ಬೆರಳು ಚುಚ್ಚುವುದು

ಕಿಟ್ಟಿನ ಜೊತೆ ಬರುವ ಕಾಗದ ಇಂಗ್ಲಿಷಿನಲ್ಲಿದ್ದರೆ ಹೈಸ್ಕೂಲಿಗೆ ಹೋಗುವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಪೂರ್ತಿ ಓದಿಸಿ, ಆಮೇಲೆ ಪೊಟ್ಟಣ ಒಡೆಯಿರಿ. ಒಂದೊಂದು ಕಂಪನಿಯದು ಒಂದೊಂದು ಕ್ರಮ. ಕೆಳಗೆ ಹೇಳಿದ್ದಕ್ಕೂ ಕಾಗದಕ್ಕೂ ವ್ಯತ್ಯಾಸ ಬಂದರೆ ಕಾಗದದ್ದೇ ಸರಿ.

ಕಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಹೊರಗಿಡಿ. ಪೊಟ್ಟಣ ಮಾತ್ರ ಒಡೆಯಬೇಡಿ. ಮೀಟರು, ಅದಕ್ಕೆ ಸಿಕ್ಕಿಸಿ ರಕ್ತ ಹಾಕುವ ಪುಟ್ಟ ಬಿಲ್ಲೆ, ಅಂದರೆ ಕಾರ್ಟ್ರಿಜ್ಜು, ಎರಡೂ ಒಂದೇ ಶಾಖಕ್ಕೆ ಬರಬೇಕು. ಎರಡರ ಮೇಲೂ ಬರೆದಿರುವ ಲಾಟ್ (ಬ್ಯಾಚ್) ಸಂಖ್ಯೆ ಒಂದೇ ಇದೆಯೇ ನೋಡಿ.

ಮೇಜು ಅಲುಗಾಡಬಾರದು. ಮಂಚದ ಮೇಲೆ ಹಾಸಿಗೆಯಲ್ಲಿಟ್ಟು ಮಾಡುವ ಕೆಲಸವಲ್ಲ ಇದು. ಫ್ಯಾನ್ ಆರಿಸಿ, ಕಿಟಕಿಯ ಬಿಸಿಲು ಮೀಟರಿನ ಮೇಲೆ ಬೀಳದಂತೆ ಕೂರಿ.

ಕೈ ತೊಳೆಯುವುದು ಸೋಪಿನಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ. ಬೆಚ್ಚಗಿನ ನೀರಿಗೆ ರಕ್ತ ಬೆರಳ ತುದಿಗೆ ಹರಿದು ಬರುತ್ತದೆ. ಆಮೇಲೆ ಚೆನ್ನಾಗಿ ಒರೆಸಿ, ತೇವ ಉಳಿದರೆ ರಕ್ತ ಹನಿಗಟ್ಟದೆ ಹರಡಿಕೊಳ್ಳುತ್ತದೆ. ಗ್ಲುಕೋಮೀಟರಿಗೆ ಈ ಕೈ ತೊಳೆಯುವ ಮಾತು ಇನ್ನೂ ಮುಖ್ಯ. ಮಾವಿನಹಣ್ಣು ಸುಲಿದ ಬೆರಳಿನಲ್ಲಿ ಚುಚ್ಚಿದರೆ ಹಣ್ಣಿನ ಸಕ್ಕರೆಯೇ ಸ್ಟ್ರಿಪ್ಪಿಗೆ ಹೋಗಿ ಅಂಕಿ ಎಲ್ಲೆಲ್ಲೋ ಏರುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೂ ಅದು ಪೂರ್ತಿ ಹೋಗುವುದಿಲ್ಲ, ನೀರಿನಲ್ಲಿ ತೊಳೆಯಲೇಬೇಕು.

ಚುಚ್ಚಬೇಕಾದ್ದು ಬೆರಳ ತುದಿಯ ಪಕ್ಕದಲ್ಲಿ, ನಟ್ಟನಡುವೆ ಅಲ್ಲ. ನಡುವೆ ನೋವು ಹೆಚ್ಚು, ಮರುದಿನ ಕೆಲಸ ಮಾಡುವಾಗಲೂ ಕಾಡುತ್ತದೆ. ಕೆಲಸ ಹೆಚ್ಚು ಮಾಡದ ಕೈಯ ನಡುಬೆರಳು ಅಥವಾ ಉಂಗುರ ಬೆರಳು ಒಳ್ಳೆಯದು. ನಮ್ಮ ಸೀಮೆಯಲ್ಲಿ ಈ ಮಾತಿಗೆ ಅರ್ಥವಿದೆ. ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ಹೊತ್ತು ಹೊತ್ತು ಕೈ ಜಡ್ಡುಗಟ್ಟಿದವರಿಗೆ, ಶಿಡ್ಲಘಟ್ಟದ ಕಡೆ ರೇಷ್ಮೆ ಬಿಚ್ಚುತ್ತಾ ದಿನವಿಡೀ ಬಿಸಿನೀರಿನಲ್ಲಿ ಬೆರಳಿಟ್ಟವರಿಗೆ ಚರ್ಮವೇ ಬೇರೆ. ಜಡ್ಡುಗಟ್ಟಿದ ಕೈಗೆ ಚುಚ್ಚುವ ಪೆನ್ನಿನ ಆಳ ಒಂದು ಅಂಕಿ ಹೆಚ್ಚಿಸಿ. ನೀರಿನಲ್ಲಿ ನೆನೆದು ಬಿಳಿಚಿದ ಕೈಯಾದರೆ ಕೆಲಸಕ್ಕೆ ಹೋಗುವ ಮುಂಚೆ, ಬೆಳಿಗ್ಗೆಯೇ ಚುಚ್ಚಿ. ಚರ್ಮ ಒಡೆದಿರುವ ಕಡೆ ಬೇಡ.

"ಅತ್ತೆ, ಕೈ ಇಳಿಬಿಡಿ, ಬೆರಳು ಬಿಗಿ ಹಿಡೀಬೇಡಿ" ಎಂದು ಹೇಳಿ ಅರ್ಧ ನಿಮಿಷ ಕೈ ಕೆಳಗೆ ಬಿಡಿಸಿ. ಅಂಗೈಯಿಂದ ಬೆರಳ ಬುಡದವರೆಗೆ ಮೆಲ್ಲಗೆ ನೀವಿ. ಚುಚ್ಚಿದ ಮೇಲೆ ತುದಿಯನ್ನು ಹಿಂಡಬೇಡಿ. ಹಿಂಡಿದರೆ ರಕ್ತದ ಜೊತೆ ಮಾಂಸದ ನೀರೂ ಬೆರೆಯುತ್ತದೆ. ಕಾಗದದಲ್ಲಿ ಬೇರೆ ಹೇಳದಿದ್ದರೆ ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಿ. ಸ್ಟ್ರಿಪ್ಪಿಗೆ ಸಾಲುವ ಚುಕ್ಕೆ ಇಲ್ಲಿ ಸಾಲದು, ದೊಡ್ಡ ಹನಿಯೇ ಬೇಕು. ಕಿಟ್ಟಿನಲ್ಲಿರುವ ಸಣ್ಣ ಕೊಳವೆಯ ತುದಿಯನ್ನು ಹನಿಗೆ ತಾಗಿಸಿದರೆ ತಾನೇ ಎಳೆದುಕೊಳ್ಳುತ್ತದೆ. ನಡುವೆ ಗಾಳಿಗುಳ್ಳೆ ಇಲ್ಲದೆ ತುಂಬಬೇಕು, ಕೊಳವೆಯ ಹೊರಗೆ ರಕ್ತ ಅಂಟಿದ್ದರೆ ಒರೆಸಬೇಕು.

ಆಮೇಲೆ ಆ ಕೊಳವೆಯನ್ನು ಔಷಧದ ನೀರಿರುವ ಪುಟ್ಟ ಸೀಸೆಗೆ ಸಿಕ್ಕಿಸಿ ಕಾಗದದಲ್ಲಿ ಹೇಳಿದಷ್ಟು ಸಲ ಅಲ್ಲಾಡಿಸುವುದು. ರಕ್ತದ ಕಣಗಳು ಒಡೆದು ಹಿಮೋಗ್ಲೋಬಿನ್ ಹೊರಬರುವುದು ಇಲ್ಲೇ. ಅರೆಬರೆ ಅಲ್ಲಾಡಿಸಿದರೆ ಅಂಕಿಯೂ ಅರೆಬರೆಯೇ. ಕಾರ್ಟ್ರಿಜ್ಜಿನ ಪೊಟ್ಟಣ ಈಗ ಒಡೆಯಿರಿ. ಒಡೆದ ಎರಡು ನಿಮಿಷದೊಳಗೆ ಬಳಸಬೇಕಾದ ಕಿಟ್ಟುಗಳಿವೆ, ಗಾಳಿಯ ತೇವಕ್ಕೆ ಅವು ಕೆಡುತ್ತವೆ. ಮೀಟರಿಗೆ ಸಿಕ್ಕಿಸಿ, ಪರದೆಯ ಮೇಲೆ ಹನಿ ಕೇಳಿದಾಗ ಹಾಕಿ, ಕೈ ತೆಗೆಯಿರಿ. ಸುಮಾರು ಐದು ನಿಮಿಷ ಅದನ್ನು ಮುಟ್ಟಬೇಡಿ, ಎತ್ತಿ ನೋಡಬೇಡಿ, ಮೇಜು ಒರೆಸಬೇಡಿ.

ಅಂಕಿಯ ಬದಲು ತಪ್ಪಿನ ಗುರುತು ಬಂದರೆ ಆ ಕಾರ್ಟ್ರಿಜ್ಜು ಹೋಯಿತು, ಅದರ ಮೇಲೇ ಇನ್ನೊಂದು ಹನಿ ಹಾಕುವುದು ವ್ಯರ್ಥ. ರಕ್ತ ಕಡಿಮೆಯಾಯಿತೋ, ಕೋಣೆ ಬಿಸಿಯಿತ್ತೋ ಕಾಗದದ ಪಟ್ಟಿಯಲ್ಲಿ ನೋಡಿ, ಕಾರಣ ಸರಿಪಡಿಸಿಕೊಂಡ ಮೇಲೆಯೇ ಮುಂದಿನದು.

ಲ್ಯಾಬಿನ ಜೊತೆ ಒಮ್ಮೆ ತಾಳೆ

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದನ್ನು ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ. ಕಿಟ್ ತಂದ ಮೊದಲ ಸಲ, ಮನೆಯಲ್ಲಿ ಪರೀಕ್ಷೆ ಮಾಡಿದ ದಿನವೇ ಅಥವಾ ಮರುದಿನ, ಲ್ಯಾಬಿನಲ್ಲೂ ತೋಳಿನ ರಕ್ತ ಕೊಟ್ಟು ಎ1ಸಿ ಮಾಡಿಸಿ. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆಯ ಲ್ಯಾಬ್ ಆಗಿ, ರಿಪೋರ್ಟಿನಲ್ಲಿ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ) ವಿಧಾನ ಎಂದಿದ್ದರೆ ಇನ್ನೂ ಒಳ್ಳೆಯದು. ಎರಡು ಅಂಕಿಯನ್ನೂ ಅಕ್ಕಪಕ್ಕ ಬರೆದಿಡಿ.

ಮನೆಯದು 7.4, ಲ್ಯಾಬಿನದು 7.6 ಬಂದರೆ ನಿಮ್ಮ ಕೈಯೂ ಕಿಟ್ಟೂ ಸರಿಯಾಗಿವೆ. ಎನ್‌ಜಿಎಸ್‌ಪಿ ಮಾನ್ಯತೆಗೆ ಬೇಕಾದದ್ದೇ ಲ್ಯಾಬಿನ ಅಂಕಿಗೆ ನೂರಕ್ಕೆ ಐದರಷ್ಟು ಆಚೀಚೆ, ಅಂದರೆ 7 ಇರುವ ಕಡೆ 6.65ರಿಂದ 7.35ರವರೆಗೆ. ಅದೂ ತರಬೇತಿ ಇರುವವರ ಕೈಯಲ್ಲಿ. ಅರ್ಧ ಅಂಕಿಗಿಂತ (0.5) ಹೆಚ್ಚು ವ್ಯತ್ಯಾಸ ಬಂದರೆ ಇನ್ನೊಂದು ಕಾರ್ಟ್ರಿಜ್ಜಿನಲ್ಲಿ ನಿಧಾನವಾಗಿ ಮತ್ತೆ ಮಾಡಿ. ಆಗಲೂ ಹಾಗೇ ಬಂದರೆ ಆ ಕಿಟ್ಟನ್ನು ಬಿಟ್ಟುಬಿಡಿ, ಹಿಮೋಗ್ಲೋಬಿನ್ ಮತ್ತೊಮ್ಮೆ ನೋಡಿಸಿ.

ಇದರ ಇನ್ನೊಂದು ಮುಖವೂ ಇದೆ. ಹೋದ ಸಲ 7.3, ಈ ಸಲ 7.1 ಬಂದರೆ ಅದು ಇಳಿತವೇ ಅಲ್ಲ. 7.1 ಹೋಗಿ 7.4 ಆದರೆ ಏರಿಕೆಯೂ ಅಲ್ಲ. ಕಿಟ್ಟಿನ ಅಲುಗಾಟವೇ ಅಷ್ಟಿರುತ್ತದೆ. ದಶಮಾಂಶಕ್ಕಾಗಿ ಸೊಸೆಯನ್ನು ಬೈಯುವುದು, ಊಟ ಬಿಡುವುದು ಎರಡೂ ಬೇಡ. ಮೂರು ನಾಲ್ಕು ಅಂಕಿ ಸಾಲಾಗಿ ಒಂದೇ ಕಡೆ ಸಾಗಿದರೆ, ಅಥವಾ ಒಂದೇ ಸಲಕ್ಕೆ ಅರ್ಧ ಅಂಕಿಗಿಂತ ಹೆಚ್ಚು ಬದಲಾದರೆ, ಆಗ ಅದಕ್ಕೆ ಅರ್ಥವಿದೆ. ವರ್ಷಕ್ಕೊಮ್ಮೆ ಈ ತಾಳೆ ಮತ್ತೆ ನೋಡಿ, ಹೊಸ ಪೆಟ್ಟಿಗೆ ತಂದಾಗಲೂ.

ಅಂಕಿ ಓದುವುದು

5.7ಕ್ಕಿಂತ ಕಡಿಮೆ ಇದ್ದರೆ ಸಹಜ. 5.7ರಿಂದ 6.4 ಹೊಸ್ತಿಲು. 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ. ಇದು ಪತ್ತೆಯ ಲೆಕ್ಕ. ಕಾಯಿಲೆ ಇರುವವರ ಗುರಿ ಬೇರೆ, ಬಹುತೇಕ ವಯಸ್ಕರಿಗೆ 7ರೊಳಗೆ. ವಯಸ್ಸಾದವರಿಗೆ, ಹೃದಯದ ಅಥವಾ ಕಿಡ್ನಿಯ ತೊಂದರೆ ಇರುವವರಿಗೆ, ಪದೇ ಪದೇ ಶುಗರ್ ಕೆಳಗೆ ಬೀಳುವವರಿಗೆ ಡಾಕ್ಟರು 8ರವರೆಗೂ ಸಡಿಲ ಬಿಡುವುದುಂಟು. ಎಂಬತ್ತರ ಅಜ್ಜಿಯ ಎ1ಸಿಯನ್ನು 6ಕ್ಕೆ ಇಳಿಸುತ್ತೇನೆ ಎಂದು ಹಟ ಹಿಡಿದರೆ ಅವರು ರಾತ್ರಿ ಬಚ್ಚಲಲ್ಲಿ ತಲೆ ಸುತ್ತಿ ಬೀಳುವ ಅಪಾಯವೇ ಹೆಚ್ಚು.

ಗ್ಲುಕೋಮೀಟರಿನ ಭಾಷೆಗೆ ಇದನ್ನು ತಿರುಗಿಸಲು ಒಂದು ಸೂತ್ರವಿದೆ: ಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ. 6 ಅಂದರೆ ಸರಾಸರಿ 126, 7 ಅಂದರೆ 154, 8 ಅಂದರೆ 183, 9 ಅಂದರೆ 212, 10 ಅಂದರೆ 240. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಯಾವಾಗಲೂ 120 ಬರುತ್ತಿದ್ದು ಎ1ಸಿ 8.5 ಬಂದರೆ ಮೀಟರ್ ಕೆಟ್ಟಿಲ್ಲ. ಊಟದ ಎರಡು ಗಂಟೆಯ ನಂತರ ಒಂದು ವಾರ ಚುಚ್ಚಿ ನೋಡಿ, ಕಳ್ಳ ಅಲ್ಲೇ ಸಿಗುತ್ತಾನೆ. ರಾಗಿ ಮುದ್ದೆಗೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಶರ್ಕರಪಿಷ್ಟವೇ ಇರುವುದು. ಬಸ್ಸಾರಿನ ಕಾಳು ಸೊಪ್ಪಿನ ಜೊತೆ ಒಂದು ಸಣ್ಣ ಮುದ್ದೆ ಬೇರೆ, ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನ ಕಲಸುವುದು ಬೇರೆ.

ಅಂಕಿ ಇಳಿಸಿದರೆ ಏನು ಲಾಭ ಎಂದು ಕೇಳುವವರಿಗೆ: ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಎ1ಸಿ ಒಂದು ಅಂಕಿ ಕಡಿಮೆ ಇದ್ದವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳದ ತೊಂದರೆಗಳು ನೂರಕ್ಕೆ 37ರಷ್ಟು ಕಡಿಮೆ ಕಂಡಿದ್ದವು. 10 ಇದ್ದದ್ದು 9 ಆದರೂ ಅದು ದೊಡ್ಡ ಗಳಿಕೆ, 7 ತಲುಪಲಿಲ್ಲವೆಂದು ಕೈಚೆಲ್ಲುವುದು ಬೇಡ.

ಯಾವಾಗ ಮಾಡುವುದು

ಔಷಧಿ ಬದಲಾಗಿದ್ದರೆ ಅಥವಾ ಗುರಿ ಮುಟ್ಟದಿದ್ದರೆ ಮೂರು ತಿಂಗಳಿಗೊಮ್ಮೆ. ಎಲ್ಲ ಸ್ಥಿರವಾಗಿದ್ದರೆ ಆರು ತಿಂಗಳಿಗೊಮ್ಮೆ. ಹದಿನೈದು ದಿನಕ್ಕೊಮ್ಮೆ ಮಾಡುವುದು ದುಡ್ಡು ಸುರಿಯುವ ಕೆಲಸ, ಅಷ್ಟರಲ್ಲಿ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ.

ತಾರೀಖು ಆರಿಸುವಾಗ ನಮ್ಮ ಊಟದ ಕಾಲಗಳನ್ನು ಗಮನಿಸಿ ಅನ್ನುವುದು ನನ್ನ ಸಲಹೆ. ಶ್ರೀನಿವಾಸಪುರದ ಸುತ್ತ ಮೇಯಿಂದ ಜುಲೈವರೆಗೆ ಮಾವಿನ ಕಾಲ. ಬಾದಾಮಿ, ಬೇನಿಷಾ, ರಸಪುರಿ ಮನೆಯಲ್ಲೇ ರಾಶಿ ಬಿದ್ದಿರುವಾಗ ಒಂದೇ ಹೋಳು ತಿಂದು ನಿಲ್ಲಿಸುವವರು ಯಾರು? ಏಪ್ರಿಲ್ ಕೊನೆಯಲ್ಲಿ ಒಂದು, ಜುಲೈ ಕೊನೆಯಲ್ಲಿ ಒಂದು ಮಾಡಿದರೆ ಮಾವಿನ ಬಿಲ್ಲು ಎಷ್ಟೆಂದು ನಿಮಗೇ ಗೊತ್ತಾಗುತ್ತದೆ. ಏರದಿದ್ದರೆ ನೀವು ತಿಂದಷ್ಟು ನಿಮಗೆ ಒಗ್ಗಿದೆ. ಏರಿದ್ದರೆ ಮುಂದಿನ ವರ್ಷ ಎಷ್ಟಕ್ಕೆ ನಿಲ್ಲಬೇಕೆಂಬ ಲೆಕ್ಕ ಸಿಕ್ಕಿತು. ಯಾರೋ "ಮಾವು ಮುಟ್ಟಲೇಬೇಡಿ" ಅಂದದ್ದಕ್ಕಿಂತ ಇದು ಉತ್ತಮ ಉತ್ತರ. ಮುಂದಿನದು ದಸರೆಯ ಹೊತ್ತಿಗೆ, ಆಮೇಲಿನದು ಅವರೆಕಾಯಿ ಕಾಲ ಮುಗಿದ ಮೇಲೆ ಎಂದು ಇಟ್ಟುಕೊಂಡರೆ ವರ್ಷ ತುಂಬಿತು.

ಗ್ಲುಕೋಮೀಟರನ್ನು ಅಟ್ಟಕ್ಕೆ ಹಾಕಬೇಡಿ

ಎ1ಸಿ ಬರೀ ಸರಾಸರಿ. ದಿನಕ್ಕೊಮ್ಮೆ 50ಕ್ಕೆ ಬಿದ್ದು, ರಾತ್ರಿ 280ಕ್ಕೆ ಏರುವವರಿಗೂ ಚೆಂದದ 7 ಬರಬಹುದು. ಬಿದ್ದದ್ದನ್ನು ಅದು ತೋರಿಸುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಬೀಳಿಸಬಲ್ಲ ಮಾತ್ರೆ ನುಂಗುವವರು ಗ್ಲುಕೋಮೀಟರ್ ಬಿಡುವಂತೆಯೇ ಇಲ್ಲ. ಮೈ ಬೆವರಿ, ಕೈ ನಡುಗಿ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ತೋಳಿಗೆ ಅಂಟಿಸುವ ಸೆನ್ಸರ್‌ಗಳೂ ಈಗ ಸಿಗುತ್ತವೆ. ಎರಡು ವಾರ ದಿನವಿಡೀ ಶುಗರ್ ಬರೆದಿಟ್ಟು ಎ1ಸಿಯ ಅಂದಾಜನ್ನೂ ಕೊಡುತ್ತವೆ. ದುಬಾರಿ, ಆದರೆ ರಕ್ತಹೀನತೆಯಿಂದ ಎ1ಸಿ ನಂಬಲಾಗದವರಿಗೆ ಡಾಕ್ಟರು ಸೂಚಿಸಿದರೆ ಒಮ್ಮೆ ಹಾಕಿಸಿಕೊಳ್ಳಬಹುದು.

ಪುಸ್ತಕ, ಡಾಕ್ಟರು, ಸೂಜಿ

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಅಂಕಿ, ಕಿಟ್ಟಿನ ಲಾಟ್ ಸಂಖ್ಯೆ, ಆಗ ನುಂಗುತ್ತಿದ್ದ ಮಾತ್ರೆಗಳ ಹೆಸರು ಬರೆಯಿರಿ. ಪಕ್ಕದಲ್ಲಿ ಒಂದು ಸಾಲು ಜಾಗ ಬಿಡಿ: ಜ್ವರ ಬಂದಿತ್ತು, ಸ್ಟೆರಾಯ್ಡ್ ಇಂಜೆಕ್ಷನ್ ಆಗಿತ್ತು, ಮಗಳ ಮದುವೆಯಿತ್ತು, ಕಬ್ಬಿಣದ ಮಾತ್ರೆ ಶುರುವಾಯಿತು. ಡಾಕ್ಟರಿಗೆ ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈ ಸಾಲು. ಲ್ಯಾಬಿನ ರಿಪೋರ್ಟನ್ನೂ ಅದರಲ್ಲೇ ಅಂಟಿಸಿ. ಮನೆಯ ಅಂಕಿ ನೋಡಿ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ನೀವೇ ಹೆಚ್ಚುಕಡಿಮೆ ಮಾಡಬೇಡಿ. 9 ದಾಟಿ, ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಸೇರಿದ್ದರೆ ಮುಂದಿನ ತಿಂಗಳ ತಾರೀಖಿಗೆ ಕಾಯದೆ ಈ ವಾರವೇ ತೋರಿಸಿ. ವಾಂತಿ, ಏದುಸಿರು ಇದ್ದರೆ ಅದೇ ದಿನ. ತೋರಿಸಲು ಹೋದಾಗ ಕಾಲು, ಕಣ್ಣು, ಮೂತ್ರದ ವರ್ಷದ ಪರೀಕ್ಷೆ ಯಾವಾಗ ಆಯಿತೆಂದು ನೀವಾಗಿ ಕೇಳಿ, ಎ1ಸಿ ಅವನ್ನೆಲ್ಲ ನೋಡುವುದಿಲ್ಲ.

ಚುಚ್ಚುವ ಸೂಜಿ ಒಬ್ಬರಿಗೆ, ಒಂದೇ ಸಲಕ್ಕೆ. ಅತ್ತೆಯ ಬೆರಳಿಗೆ ಚುಚ್ಚಿದ್ದನ್ನು ಮಾವನಿಗೂ ಬಳಸಿದರೆ ಹೆಪಟೈಟಿಸ್ ಬಿಯಂಥ ಸೋಂಕು ದಾಟಬಹುದು, ಚುಚ್ಚುವ ಪೆನ್ನೂ ಬೇರೆ ಬೇರೆ ಇರಲಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದಂತೆ ಇಡಿ. ಮುಕ್ಕಾಲು ತುಂಬಿದ ಮೇಲೆ ಪಿಎಚ್‌ಸಿಯ ನರ್ಸಮ್ಮನನ್ನು ಕೇಳಿ ಅಲ್ಲಿಯ ಸೂಜಿ ಡಬ್ಬಕ್ಕೆ ಸೇರಿಸಿ. ತಿಪ್ಪೆಗೆ ಎಸೆದರೆ ಬರಿಗೈಯಲ್ಲಿ ಕಸ ಬೇರ್ಪಡಿಸುವವರಿಗೋ, ಗೊಬ್ಬರ ಹರಡಲು ಬರಿಗಾಲಲ್ಲಿ ಇಳಿಯುವ ನಿಮ್ಮ ಮನೆಯವರಿಗೋ ಅದು ಚುಚ್ಚಿಕೊಳ್ಳುತ್ತದೆ.